ಜಿನುಗುಶೋಧಕವೂ ಕಲಬುರಗಿ ಸೀಮೆಯ ಕಲ್ಲೂ

ಟ್ರಿಕ್ಲಿಂಗ್ ಫಿಲ್ಟರ್ ಎಂಬ ಸಾಧನವನ್ನು ಕನ್ನಡದಲ್ಲಿ ಜಿನುಗುಶೋಧಕವೆನ್ನಬಹುದು. ಆದರೆ ಮೂಲದ ಹೆಸರೇ ದಾರಿ ತಪ್ಪಿಸುವಂಥದು. ಬಟ್ಟೆಯಲ್ಲಿ ಸೋಸಿದಂತೆ ಇಲ್ಲಿ ಕೊಳೆಯು ತಡೆಯಲ್ಪಡುವುದಿಲ್ಲ. ಕಲ್ಲುಗಳ ನಡುವಣ ಸಂದುಗಳು ಅದಕ್ಕೆ ಬಹು ವಿಶಾಲವಾದುವು. ಮುಷ್ಟಿಗಾತ್ರದ ಕಲ್ಲುಗಳನ್ನು ಸುಮಾರು 2 ಮೀಟರು ಎತ್ತರಕ್ಕೆ ತುಂಬಿ, ಮೊದಲೇ ತೊಟ್ಟಿಯಲ್ಲಿ ತಿಳಿಗೊಂಡ ಚರಂಡಿನೀರನ್ನು ತಿರುಗುವ ಕೊಳವೆಗಳಿಂದ ಮೇಲೆ ಚಿಮುಕಿಸಿದರೆ, ಕೆಲವು ವಾರಗಳಲ್ಲಿ ಕಲ್ಲಿನ ಮೈಮೇಲೆ ಲೋಳೆಯು ಕಟ್ಟುವುದು. ಅದರಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಸಂದುಗಳ ಗಾಳಿಯಿಂದ ಆಮ್ಲಜನಕವನ್ನು ಪಡೆದು ನೀರಿನ ಕಲ್ಮಷವನ್ನು ತಿಂದುಹಾಕುವುವು. ದಪ್ಪನಾದ ಲೋಳೆಯು ಕಳಚಿ ಬೀಳುವುದರಿಂದ ಕೆಳಗೆ ಇನ್ನೊಂದು ತಿಳಿತೊಟ್ಟಿಯು ಅವಶ್ಯಕ.

ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ 1893ರಲ್ಲಿ ಈ ಕ್ರಮವು ಬಳಕೆಗೆ ಬಂದಿತು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಗಾಳಿಯೂದಿ ಕೆಸರನ್ನೇ ಚೇತನಗೊಳಿಸುವ ಪ್ರತಿಸ್ಪರ್ಧಿ ಕ್ರಮವನ್ನು ಪ್ರಕಟಿಸಿದರು. ಅವರಿಗೆ ಪ್ರೇರಣೆಯಿತ್ತ ಗಿಲ್ಬರ್ಟ್ ಫೌಲರರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆ ಕ್ರಮಕ್ಕೆ ನೆಲವು ಕಡಿಮೆ ಸಾಕು; ವಿದ್ಯುತ್ತು ಮಾತ್ರ ಹಗಲಿರುಳೂ ಬೇಕು.

2011ರ ಜನಗಣತಿಯಲ್ಲೇ 5 ಲಕ್ಷ ಮೀರಿದ ಕಲಬುರಗಿ ನಗರಕ್ಕೆ ಎರಡನೆಯದು ಒಪ್ಪೀತು. ಕಮಲಾಪುರದಂತಹ ಸಣ್ಣ ಊರಿಗೆ ಜಿನುಗುಶೋಧಕವೇ ಮೇಲು. ಲೆಕ್ಕವು ಸುಲಭ. ದಿನಕ್ಕೆ 10 ಲಕ್ಷ ಲೀಟರು ನೀರು, ಲೀಟರಿಗೆ 150 ಮಿಲಿಗ್ರಾಂ ಜೈವಿಕ ಆಮ್ಲಜನಕ ಬೇಡಿಕೆ ಎಂದಿಟ್ಟುಕೊಂಡರೆ, ಒಟ್ಟು ಹೊರೆ 150 ಕಿಲೋಗ್ರಾಂ. ಘನಮೀಟರಿಗೆ 0.15 ಕಿಲೋಗ್ರಾಮಿನಂತೆ ಹೇರಿದರೆ 1,000 ಘನಮೀಟರು ಕಲ್ಲು, ಅಂದರೆ 500 ಚದರ ಮೀಟರು ಹಾಸು ಸಾಕಾಗುವುದು.

ಕಲ್ಲಾವುದು ಎಂಬುದೇ ನಿಜವಾದ ಪ್ರಶ್ನೆ. ಈ ಸೀಮೆಯ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿನ ಕಲ್ಲು ಸುಣ್ಣದ ಜಾತಿಯದು. ಲೋಳೆಯಲ್ಲಿ ಹುಟ್ಟುವ ಆಮ್ಲಕ್ಕೆ ಅದು ಸವೆಯುವುದು. ಬೀದರ ಕಡೆಯ ಜಂಬಿಟ್ಟಿಗೆಯು ಪುಡಿಯಾಗಿ ಸಂದುಗಳನ್ನು ಮುಚ್ಚುವುದು. ದಖ್ಖನ್ನಿನ ಗಟ್ಟಿ ಕರಿಕಲ್ಲೊಂದೇ ಗ್ರಾಹ್ಯ. ಅದನ್ನೂ ಜರಡಿ ಹಿಡಿದು ಒಂದೇ ಗಾತ್ರಕ್ಕೆ ತರಬೇಕು.

ಬಿಸಿಲು ಸೂಕ್ಷ್ಮಜೀವಿಗಳಿಗೆ ಅನುಕೂಲವೇ. ಆದರೆ 40 ಡಿಗ್ರಿ ಮೀರಿದ ಬೇಸಗೆಯಲ್ಲಿ ಚಿಮುಕಿಸುವುದು ನಿಂತರೆ ಲೋಳೆಯು ಒಣಗುವುದು. ಗಾಳಿಯ ಮತ್ತು ನೀರಿನ ಉಷ್ಣತೆಗಳು ಸಮವಾದ ಹೊತ್ತಿನಲ್ಲಿ ಗಾಳಿಯ ಸಂಚಾರವೇ ನಿಲ್ಲುವುದು. ಶುದ್ಧವಾದ ನೀರಿನ ಒಂದಂಶವನ್ನು ಮರಳಿ ಮೇಲಕ್ಕೆ ಹರಿಸಿದರೆ ಹಾಸು ಒಣಗದು; ನೊಣಗಳ ಕಾಟವೂ ತಗ್ಗುವುದು.

ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಶೋಧಕದ ನೀರು ತೋಟಕ್ಕೆ ಸಲ್ಲುವುದಾದರೂ ರೋಗಾಣುಗಳೂ ಹುಳುಗಳ ಮೊಟ್ಟೆಗಳೂ ಅದರಿಂದ ಪೂರ್ತಿ ನೀಗುವುದಿಲ್ಲ. ಕ್ಲೋರಿನ್ ಕೂಡ ಮೊಟ್ಟೆಗಳನ್ನು ಕೊಲ್ಲಲಾರದು. ಅವಕ್ಕೆ ಹಲವು ದಿನ ನೀರು ನಿಲ್ಲುವ ಕೊಳವು ಬೇಕು. ಗೊನೆಯು ನೀರಿಗೆ ತಾಗದಿದ್ದರೂ, ಮಡೆ ತಿರುಗಿಸುವವನ ಬರಿಗಾಲು ತಾಗುವುದು.