ಎರಡು ಸಲ ಹುಟ್ಟಿದ ಕೊಳವೆ

1942ರ ಕೊನೆಯಲ್ಲಿ ಅಮೆರಿಕದ ಡೇಟನ್ ನಗರದ ಎಂಜಿನಿಯರ್ ರಿಚರ್ಡ್ ಗಾಗ್ಲರ್ ಒಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಅವರು ಕೆಲಸಕ್ಕಿದ್ದದ್ದು ಜನರಲ್ ಮೋಟರ್ಸ್‌ನಲ್ಲಿ. ಕಾರು ತಯಾರಿಸುವ ಆ ಕಂಪನಿಯ ಕೈಯಲ್ಲಿ ಆಗ ಫ್ರಿಜ್ ತಯಾರಿಸುವ ಫ್ರಿಜಿಡೇರ್ ಕೂಡ ಇತ್ತು. ಹಾಗಾಗಿ ಗಾಗ್ಲರ್ ತಲೆ ಕೆಡಿಸಿಕೊಂಡದ್ದು ಫ್ರಿಜ್ಜಿನ ಒಂದು ತೊಡಕಿನ ಬಗ್ಗೆ. ಆಹಾರ ಇಡುವ ಖಾನೆ ಮೇಲಿದೆ, ಪುಡಿ ಮಾಡಿದ ಮಂಜುಗಡ್ಡೆಯ ತಟ್ಟೆ ಕೆಳಗಿದೆ. ಮೇಲಿನ ಶಾಖವನ್ನು ಕೆಳಗಿಳಿಸಬೇಕು, ಮೋಟಾರು ಪಂಪು ಯಾವುದೂ ಇಲ್ಲದೆ.

ದ್ರವವೊಂದು ಮೇಲೆ ಆವಿಯಾಗಿ, ಕೆಳಗೆ ಬಂದು ಮಂಜುಗಡ್ಡೆಯ ತಂಪಿಗೆ ಮತ್ತೆ ದ್ರವವಾದರೆ ಶಾಖವೇನೋ ಇಳಿಯುತ್ತದೆ. ಆದರೆ ಹಾಗೆ ಕೆಳಗೆ ಸೇರಿದ ದ್ರವ ತಿರುಗಿ ಮೇಲೆ ಹತ್ತುವುದು ಹೇಗೆ? ಗಾಗ್ಲರ್ ಕೊಟ್ಟ ಉತ್ತರ ಇಷ್ಟೇ: ಎರಡೂ ತುದಿ ಮುಚ್ಚಿದ ಕೊಳವೆಯ ಒಳಗೋಡೆಗೆ ಸಣ್ಣ ರಂಧ್ರಗಳ ಪದರವೊಂದನ್ನು ಹಚ್ಚಿಬಿಡುವುದು. ಕಬ್ಬಿಣದ ಪುಡಿಯನ್ನು ಬಿಸಿಯಲ್ಲಿ ಒಂದಕ್ಕೊಂದು ಅಂಟುವಂತೆ ಮಾಡಿದರೆ ಅಂಥ ಪದರ ಸಿಗುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಈ ಪದರ ದ್ರವವನ್ನು ಎಳೆದುಕೊಳ್ಳುತ್ತದೆ. ಅಲುಗುವ ಭಾಗ ಒಂದೂ ಇಲ್ಲ. ಶಾಖವೇ ಆವಿಯನ್ನು ತಳ್ಳುತ್ತದೆ, ದ್ರವದ ಮೇಲ್ಮೈ ಎಳೆತವೇ ಅದನ್ನು ವಾಪಸು ತರುತ್ತದೆ.

1944ರ ಜೂನ್‌ನಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಏನೂ ಆಗಲಿಲ್ಲ. ಕಂಪನಿ ತನ್ನ ಫ್ರಿಜ್ಜಿಗೆ ಬೇರೆ ದಾರಿ ಹಿಡಿಯಿತು, ಗಾಗ್ಲರರ ಕೊಳವೆ ಕಡತದಲ್ಲಿ ಉಳಿಯಿತು. ಇದನ್ನು ಕಂಪನಿಯ ಕುರುಡುತನ ಎನ್ನಲು ನನಗೆ ಮನಸ್ಸಿಲ್ಲ. ಮನೆಯ ಫ್ರಿಜ್ಜಿಗೆ ಕರೆಂಟಿನ ಸಂಪರ್ಕವಿದೆ, ಕಂಪ್ರೆಸರ್ ಇಡಲು ಜಾಗವಿದೆ. ಅಲುಗುವ ಭಾಗವೇ ಬೇಡ ಎಂದು ಹಟ ಹಿಡಿಯಬೇಕಾದ ಅಗತ್ಯ ಅಲ್ಲಿ ಇರಲಿಲ್ಲ. ಅದಕ್ಕೂ ನೂರು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಪರ್ಕಿನ್ಸ್ ಕುಟುಂಬದವರು ನೀರು ತುಂಬಿ ಮುಚ್ಚಿದ ಕಬ್ಬಿಣದ ಕೊಳವೆಗಳಿಂದ ಶಾಖ ಸಾಗಿಸುವ ಕೆಲಸ ಶುರುಮಾಡಿದ್ದರು, ಮುಂದೆ ಬ್ರೆಡ್ಡಿನ ಒಲೆಗಳಿಗೂ ಅಂಥ ಕೊಳವೆಗಳು ಬಂದವು. ಅಲ್ಲಿ ಬೆಂಕಿ ಕೆಳಗಿರುತ್ತಿದ್ದುದರಿಂದ ನೀರು ತಾನಾಗಿ ಕೆಳಗಿಳಿಯುತ್ತಿತ್ತು, ಬತ್ತಿಯ ಪ್ರಶ್ನೆಯೇ ಏಳಲಿಲ್ಲ.

ಆ ಪ್ರಶ್ನೆ ನಿಜವಾಗಿ ಎದ್ದದ್ದು ಮೇಲು ಕೆಳಗು ಎಂಬುದೇ ಇಲ್ಲದ ಜಾಗಕ್ಕೆ ಯಂತ್ರಗಳನ್ನು ಕಳಿಸಲು ಹೊರಟಾಗ. 1962ರಲ್ಲಿ ಟ್ರೆಫೆಥನ್ ಎಂಬ ವಿಜ್ಞಾನಿ ಅಂತರಿಕ್ಷದ ಕೆಲಸಕ್ಕೆ ಇಂಥ ಕೊಳವೆ ಆಗಬಹುದೆಂದು ಸೂಚಿಸಿದರು. ಅದನ್ನು ಮಾಡಿ ತೋರಿಸಿದ್ದು ಮಾತ್ರ ನ್ಯೂ ಮೆಕ್ಸಿಕೋದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್. ಪರಮಾಣು ರಿಯಾಕ್ಟರಿನ ಶಾಖವನ್ನು ಟರ್ಬೈನ್ ಇಲ್ಲದೆ ನೇರವಾಗಿ ವಿದ್ಯುತ್ತಾಗಿಸುವ ಸಾಧನಗಳ ಮೇಲೆ ಅವರ ತಂಡ ದುಡಿಯುತ್ತಿತ್ತು. ಅಂತರಿಕ್ಷದಲ್ಲಿ ರಿಯಾಕ್ಟರ್ ಇಟ್ಟರೆ ಅದರ ಒಡಲಿನಿಂದ ಈ ಸಾಧನಗಳಿಗೆ ಶಾಖ ತಲುಪಿಸಬೇಕು. ಲೋಹದ ಸರಳಿನ ಮೂಲಕ ಸಾಗಿಸಿದರೆ ಒಂದು ತುದಿ ಸುಡುತ್ತಿರುತ್ತದೆ, ಇನ್ನೊಂದು ತುದಿಯ ಬಿಸಿ ಸಾಲುವುದಿಲ್ಲ. ಪಂಪು ಇಟ್ಟರೆ, ಅದು ಕೆಟ್ಟ ದಿನ ರಿಪೇರಿಗೆ ಹೋಗುವವರಿಲ್ಲ.

1963ರ ಜುಲೈನಲ್ಲಿ ಗ್ರೋವರ್ ತಮ್ಮ ಪ್ರಯೋಗದ ಪುಸ್ತಕದಲ್ಲಿ ಈ ವಿಚಾರ ಬರೆದಿಟ್ಟರು: ಬತ್ತಿಯ ಎಳೆತದಿಂದ ದ್ರವವನ್ನು ಓಡಿಸಿ ಶಾಖ ಸಾಗಿಸಬಹುದು. ಮೊದಲು ನೀರಿನಲ್ಲಿ ಮಾಡಿ ನೋಡಿದರು. ಆಮೇಲೆ ತುಕ್ಕು ಹಿಡಿಯದ ಉಕ್ಕಿನ ಕೊಳವೆಯೊಳಗೆ ತಂತಿಜಾಲರಿಯನ್ನು ಸುತ್ತಿ, ಸೋಡಿಯಂ ಹಾಕಿ ಮುಚ್ಚಿದರು. ಒಂದು ತುದಿಯನ್ನು ಕಾಯಿಸಿದರೆ ಸೋಡಿಯಂ ಆವಿಯಾಗಿ ಓಡುತ್ತದೆ, ತಂಪಾದ ಕಡೆ ದ್ರವವಾಗಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ಜಾಲರಿಯಲ್ಲಿ ಹಿಂದಿರುಗುತ್ತದೆ. ಸರಿಯಾಗಿ ದುಡಿಯುವ ಸೋಡಿಯಂ ಕೊಳವೆ ಉದ್ದಕ್ಕೂ ಒಂದೇ ಬಣ್ಣದ ಕೆಂಪಾಗಿ ಹೊಳೆಯುತ್ತದೆ. ಕಾಯಿಸಿದ ತುದಿಗೂ ದೂರದ ತುದಿಗೂ ತಾಪಮಾನದ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅದೇ ಗಾತ್ರದ ಗಟ್ಟಿ ತಾಮ್ರದ ಸರಳಿಗೂ ಇದು ಸಾಧ್ಯವಿಲ್ಲ. ಎರಡು ತುದಿಗಳ ನಡುವಿನ ಈ ವ್ಯತ್ಯಾಸವೇ ಕೊಳವೆಯ ಆರೋಗ್ಯದ ಅಳತೆ. ಮುಂದೆ ನಮಗೆ ಬೇಕಾಗುವ ಸಂಗತಿ ಇದು.

ಗ್ರೋವರ್ ಇದಕ್ಕೆ ಹೀಟ್ ಪೈಪ್ ಎಂದು ಹೆಸರಿಟ್ಟರು. ಗಾಗ್ಲರರ ಹಾದಿಗೆ ಅವರು ಬಂದದ್ದು ಸ್ವತಂತ್ರವಾಗಿಯೇ. ಕಾಟರ್, ಎರಿಕ್ಸನ್ ಎಂಬ ಸಹೋದ್ಯೋಗಿಗಳ ಜೊತೆ ಅವರು ಬರೆದ ಚಿಕ್ಕ ಪ್ರಬಂಧ 1964ರಲ್ಲಿ ಅಚ್ಚಾಯಿತು. ಮರುವರ್ಷ ಕಾಟರ್ ಅದರ ಗಣಿತ ಬರೆದರು. ಬತ್ತಿಯ ಎಳೆತ ಒಂದು ಕಡೆ, ಅದು ಗೆಲ್ಲಬೇಕಾದ ಮೂರು ತಡೆಗಳು ಇನ್ನೊಂದು ಕಡೆ: ಬತ್ತಿಯೊಳಗೆ ದ್ರವ ಹರಿಯುವಾಗಿನ ತಡೆ, ಆವಿ ಓಡುವಾಗಿನ ತಡೆ, ಬಿಸಿ ತುದಿ ಮೇಲಿದ್ದರೆ ಗುರುತ್ವದ ತಡೆ. ಈ ಮೂರೂ ಸೇರಿ ಎಳೆತವನ್ನು ಮೀರಿದ ಕ್ಷಣ ಬಿಸಿ ತುದಿಯ ಬತ್ತಿ ಒಣಗುತ್ತದೆ, ತಾಪಮಾನ ಜಿಗಿಯುತ್ತದೆ. ಎರಡು ಸಲ ಹುಟ್ಟಿದ ಈ ಕೊಳವೆ ಎರಡನೇ ಸಲ ಬದುಕಿದ್ದಕ್ಕೆ ಕಾಟರರ ಈ ಲೆಕ್ಕವೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಎಷ್ಟು ಶಾಖಕ್ಕೆ ಎಷ್ಟು ದಪ್ಪದ ಕೊಳವೆ, ಎಂಥ ಬತ್ತಿ ಎಂದು ಯಾರು ಬೇಕಾದರೂ ಮೊದಲೇ ಲೆಕ್ಕ ಹಾಕುವಂತಾಯಿತು.

1967ರ ಏಪ್ರಿಲ್‌ನಲ್ಲಿ ಲಾಸ್ ಅಲಾಮೋಸ್‌ನ ನೀರಿನ ಕೊಳವೆಯೊಂದು ಅಟ್ಲಾಸ್-ಅಜೀನಾ ರಾಕೆಟ್ಟಿನಲ್ಲಿ ಭೂಮಿಯ ಸುತ್ತ ಹೋಯಿತು. ಅದು 14 ಸುತ್ತು ಹಾಕುವಷ್ಟು ಹೊತ್ತು ನೆಲದ ಕೇಂದ್ರಗಳು ಅಂಕಿಗಳನ್ನು ಪಡೆದವು. ತೂಕವಿಲ್ಲದ ಕಡೆಯೂ ಬತ್ತಿ ನೀರು ಎಳೆಯುತ್ತಿತ್ತು. ಮರುವರ್ಷ ಜನವರಿಯಲ್ಲಿ ಹಾರಿದ ಜಿಯೋಸ್ ಸರಣಿಯ ಎರಡನೇ ಉಪಗ್ರಹದಲ್ಲಿ ಹೀಟ್ ಪೈಪ್ ಪ್ರಯೋಗದ ವಸ್ತುವಾಗಿ ಉಳಿಯದೆ ಉಪಗ್ರಹದ ತಾಪಮಾನ ಕಾಯುವ ಕೆಲಸಕ್ಕೇ ನಿಂತಿತು. ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ಸಂಪರ್ಕ ಉಪಗ್ರಹಗಳ ಫಲಕಗಳಲ್ಲೂ ಅಮೋನಿಯಾ ತುಂಬಿದ ಇಂಥ ಕೊಳವೆಗಳಿವೆ. ಅಲಾಸ್ಕದ ಉದ್ದಕ್ಕೆ 1970ರ ದಶಕದಲ್ಲಿ ಹಾಕಿದ ತೈಲ ಕೊಳವೆಮಾರ್ಗದ ಕಂಬಗಳಲ್ಲಿ ಸುಮಾರು 1,24,000 ಹೀಟ್ ಪೈಪ್‌ಗಳಿವೆ. ಬಿಸಿ ಎಣ್ಣೆ ಹರಿಯುವಾಗ ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಿ ಕಂಬ ಕುಸಿಯಬಾರದೆಂದು ಚಳಿಗಾಲವಿಡೀ ಅವು ನೆಲದ ಶಾಖವನ್ನು ಮೇಲಿನ ಗಾಳಿಗೆ ಎತ್ತಿ ಹಾಕುತ್ತವೆ. ಅಲ್ಲಿ ಬಿಸಿ ತುದಿ ಕೆಳಗಿರುವುದರಿಂದ ಪರ್ಕಿನ್ಸ್ ಕಾಲದಂತೆಯೇ ಗುರುತ್ವ ಸಾಕು.

ಕಂಪ್ಯೂಟರಿಗೆ ಇದು ಬಂದದ್ದು ನಿಧಾನವಾಗಿ. 1993ರ 66 ಮೆಗಾಹರ್ಟ್ಸ್ ಪೆಂಟಿಯಂ ಚಿಪ್ ಹೆಚ್ಚೆಂದರೆ 16 ವಾಟ್ ಬಿಸಿ ಬಿಡುತ್ತಿತ್ತು. ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಚಿಪ್ಪಿನ ನೆತ್ತಿಗೇ ಅಲ್ಯುಮಿನಿಯಂ ದಿಂಡು, ಅದರ ಮೇಲೊಂದು ಫ್ಯಾನ್ ಕೂರಿಸಿದರೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಚಿಪ್ಪಿನ ಮೇಲೆ ಬೆರಳು ತೂರುವಷ್ಟೂ ಜಾಗವಿಲ್ಲ, ಫ್ಯಾನ್ ಇರುವುದು ಪಕ್ಕದ ಮೂಲೆಯಲ್ಲಿ. ಶಾಖವನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗಬೇಕು. 1990ರ ದಶಕದ ನಡುವಿನಿಂದ ಆ ಕೆಲಸ ತಾಮ್ರದ ಹೀಟ್ ಪೈಪಿನದಾಯಿತು. 6 ಅಥವಾ 8 ಮಿಲಿಮೀಟರಿನ ಕೊಳವೆ, ಜಾಗಕ್ಕೆ ಹೊಂದುವಂತೆ ಅದುಮಿ ಚಪ್ಪಟೆ ಮಾಡಿದ್ದು. ಒಳಗೋಡೆಗೆ ತಾಮ್ರದ ಪುಡಿಯ ಬತ್ತಿ. ಗಾಳಿಯನ್ನೆಲ್ಲ ಎಳೆದು ತೆಗೆದು ಕೆಲವೇ ಹನಿ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಅಷ್ಟು ಕಡಿಮೆಯಿರುವುದರಿಂದ ನೀರು 100 ಡಿಗ್ರಿಗೆ ಕಾಯದೆ ಬೆಚ್ಚಗಾದೊಡನೆ ಆವಿಯಾಗುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ನುಂಗುತ್ತದೆ. 50 ವಾಟ್ ಹೊರಲು ಸೆಕೆಂಡಿಗೆ 0.02 ಗ್ರಾಂನಷ್ಟು ಆವಿಯಾದರೆ ಸಾಕು. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಒಂದೇ 150 ವಾಟ್ ದಾಟಬಲ್ಲದು. ಪ್ರೊಸೆಸರಿನದು ಅದರ ಮೇಲೆ 45 ವಾಟ್, ಕೆಲವೊಮ್ಮೆ ಇನ್ನೂ ಹೆಚ್ಚು. ಎರಡಕ್ಕೂ ಸೇರಿ ಕೆಲವು ಕೊಳವೆಗಳು ಹಂಚಿಕೆಯಾಗಿರುತ್ತವೆ, ಹಾಗಾಗಿ ಒಂದರ ಬಿಸಿ ಇನ್ನೊಂದಕ್ಕೆ ತಟ್ಟುತ್ತದೆ. ಚಿಪ್ ತನ್ನ ಮಿತಿಗೆ, ಹಲವು ಪ್ರೊಸೆಸರುಗಳಲ್ಲಿ 100 ಡಿಗ್ರಿಯ ಆಸುಪಾಸಿಗೆ, ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಡುವವರಿಗೆ ಅದು ತಡವರಿಕೆಯಾಗಿ ಕಾಣುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಹೋಗುತ್ತದೆ. ಈ ರಕ್ಷಣೆ ಎಲ್ಲ ಕಾಲಕ್ಕೂ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಕ್ವೇಕ್ 3 ಆಟ ಓಡುತ್ತಿರುವಾಗಲೇ ಚಿಪ್ಪಿನ ಮೇಲಿನ ಕೂಲರ್ ಕಿತ್ತು ನೋಡಿದರು. ಪೆಂಟಿಯಂ 4 ನಿಧಾನವಾಯಿತು, ಆದರೆ ಆಟ ನಡೆಯುತ್ತಲೇ ಇತ್ತು. ಪೆಂಟಿಯಂ 3 ಹ್ಯಾಂಗ್ ಆಗಿ ನಿಂತಿತು, ಚಿಪ್ ಉಳಿಯಿತು. ಅಂದಿನ ಅಥ್ಲಾನ್ ಚಿಪ್‌ಗಳು ಸುಟ್ಟುಹೋದವು. ಬಿಸಿಗೆ ಯಂತ್ರ ಸ್ಪಂದಿಸುವ ಮೂರು ಬಗೆಯನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಇನ್ನೊಂದು ನನಗೆ ಗೊತ್ತಿಲ್ಲ.

ಈಗ ಆಟದ ನಡುವೆ ಪರದೆ ಆಗಾಗ ನಿಂತುಬಿಡುವ, ಕೀಬೋರ್ಡ್ ಸುಡುವ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗೋ ಊರಿನ ಪರಿಚಯದ ರಿಪೇರಿಯವರ ಹತ್ತಿರವೋ ಒಯ್ದರೆ ಮೊದಲು ಬರುವ ಮಾತು, "ಪೇಸ್ಟ್ ಹಾಕ್ಬೇಕು ಸರ್." ಅನೇಕ ಸಲ ಅದು ಸರಿಯೇ. ಆದರೆ ಶಾಖದ ದಾರಿಯಲ್ಲಿ ಚಿಪ್, ಅದಕ್ಕೂ ಮೇಲಿನ ತಟ್ಟೆಗೂ ನಡುವೆ ಬಳಿಯುವ ಪೇಸ್ಟ್, ಕೊಳವೆ, ಅದರ ದೂರದ ತುದಿಯ ತೆಳು ಲೋಹದ ಹಾಳೆಗಳಾದ ಫಿನ್, ಫ್ಯಾನ್ ಎಂದು ಐದು ಠಾಣೆಗಳಿವೆ. ಎಲ್ಲಿ ತಡೆಯಾಗಿದೆ ಎಂಬುದನ್ನು ತಾಪಮಾನ ಏರುವ ರೀತಿಯೇ ಹೇಳುತ್ತದೆ. ಅದನ್ನು ನೋಡದೆ ಸ್ಕ್ರೂ ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲ.

ತಾಪಮಾನ ತೋರಿಸುವ ತಂತ್ರಾಂಶ ಒಂದನ್ನು ಹಾಕಿ, ಆಟ ಶುರುಮಾಡಿ, ಅಂಕಿಗಳನ್ನು ದಾಖಲಿಸುತ್ತ ಬಿಡಬೇಕು. ಭಾರ ಬಿದ್ದ ಒಂದೆರಡು ಸೆಕೆಂಡಿನಲ್ಲೇ 95ಕ್ಕೆ ಜಿಗಿದು, ಆಟ ನಿಲ್ಲಿಸಿದೊಡನೆ ಅಷ್ಟೇ ಬೇಗ ಇಳಿದರೆ ಶಾಖ ಚಿಪ್ಪನ್ನೇ ಬಿಟ್ಟು ಹೊರಡುತ್ತಿಲ್ಲ. ಪೇಸ್ಟ್ ಒಣಗಿದೆ, ಇಲ್ಲವೇ ಮೇಲಿನ ತಟ್ಟೆ ಸರಿಯಾಗಿ ಕೂತಿಲ್ಲ. ಹತ್ತು ಹದಿನೈದು ನಿಮಿಷ ಮೆಲ್ಲಗೆ ಏರುತ್ತ ಹೋಗಿ ಆಮೇಲೆ ಮಿತಿ ಮುಟ್ಟಿದರೆ ಕೊನೆಯ ಠಾಣೆಗಳನ್ನು ನೋಡಬೇಕು. ಫ್ಯಾನ್ ಮತ್ತು ಫಿನ್‌ಗಳ ನಡುವೆ ಧೂಳು ಕಂಬಳಿಯಾಗಿ ಕೂತಿರುತ್ತದೆ. ಹೊರಗಿನ ಜಾಲರಿಯಿಂದ ಅದು ಕಾಣುವುದೇ ಇಲ್ಲ, ಫ್ಯಾನ್ ಬಿಚ್ಚಿದರೆ ಮಾತ್ರ ಸಿಗುತ್ತದೆ. ಹಾಸಿಗೆಯ ಮೇಲಿಟ್ಟು ಆಡುವವರ ಯಂತ್ರದಲ್ಲಿ ಧೂಳಿಲ್ಲದೆಯೂ ಇದೇ ಲಕ್ಷಣ ಬರಬಹುದು, ಗಾಳಿ ಎಳೆಯುವ ಕಿಂಡಿಗಳಿರುವುದು ಕೆಳಗೆ. ತಾಪಮಾನ 70 ದಾಟದೆಯೇ ಹ್ಯಾಂಗ್ ಆಗುತ್ತಿದ್ದರೆ ಮೆಮೊರಿ, ಡ್ರೈವರ್, ಡಿಸ್ಕ್ ಕಡೆ ತಿರುಗಬೇಕು. ಅಲ್ಲಿ ಎಷ್ಟು ಪೇಸ್ಟ್ ಬಳಿದರೂ ಪ್ರಯೋಜನವಿಲ್ಲ.

ಉಳಿಯುವುದು ಅಪರೂಪದ ಇನ್ನೊಂದು ಸಂದರ್ಭ. ಪೇಸ್ಟ್ ಹೊಸದು, ಫಿನ್ ಶುಚಿ, ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತಿದೆ, ಚಿಪ್ 100ಕ್ಕೆ ಅಂಟಿಕೊಂಡಿದೆ. ಹಾಗಿದ್ದೂ ಹೊರಬರುವ ಗಾಳಿ ತಣ್ಣಗಿದೆ! ಗ್ರೋವರ್ ತಂಡ ನೋಡಿದ ಅದೇ ಅಳತೆ ಇಲ್ಲಿ ತಿರುಗುಮುರುಗಾಗಿದೆ. ಒಂದು ತುದಿ ಸುಡುತ್ತಿದೆ, ಇನ್ನೊಂದಕ್ಕೆ ಸುದ್ದಿಯೇ ಮುಟ್ಟಿಲ್ಲ. ಕೊಳವೆ ಸತ್ತಿದೆ. ಕಣ್ಣಿಗೆ ಕಾಣದ ಬಿರುಕಿನಿಂದ ಗಾಳಿ ಸೇರಿರಬಹುದು. ಹಿಂದೆ ಯಾರೋ ಬಿಚ್ಚಿದಾಗ ಬಾಗಿಸಿ ಬತ್ತಿ ಒಡೆದಿರಬಹುದು. ಒಳಗೆ ಅನಿಲ ಹುಟ್ಟಿರಲೂಬಹುದು. ಹೀಟ್ ಪೈಪಿನವರು ಮೊದಲಿನಿಂದ ಅಂಜಿದ್ದು ಇದಕ್ಕೇ. ನೀರನ್ನು ಅಲ್ಯುಮಿನಿಯಂ ಅಥವಾ ಕಬ್ಬಿಣದ ಕೊಳವೆಯಲ್ಲಿ ಮುಚ್ಚಿಟ್ಟರೆ ಎರಡೂ ವರ್ತಿಸಿ ಹೈಡ್ರೋಜನ್ ಬಿಡುತ್ತವೆ. ಆವಿ ಆ ಅನಿಲವನ್ನು ತಂಪು ತುದಿಗೆ ತಳ್ಳಿ ಪೇರಿಸುತ್ತದೆ. ಅಲ್ಲಿಂದಾಚೆಗೆ ಆವಿಗೆ ಪ್ರವೇಶವಿಲ್ಲ. ಲ್ಯಾಪ್‌ಟಾಪಿನಲ್ಲಿ ತಾಮ್ರವನ್ನೇ ಬಳಸುವುದಕ್ಕೆ ಶಾಖವಾಹಕತೆಯಷ್ಟೇ ದೊಡ್ಡ ಕಾರಣ ಅದು ನೀರಿನೊಂದಿಗೆ ಜಗಳವಾಡುವುದಿಲ್ಲ ಎಂಬುದು.

ಅನುಮಾನವಿದ್ದರೆ ಲ್ಯಾಪ್‌ಟಾಪನ್ನು ಮೊದಲು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ಓರೆಯಾಗಿ ನಿಲ್ಲಿಸಿ ಅಂಕಿ ನೋಡಬಹುದು. ಚಿಪ್ ಮೇಲಾದಾಗ ತಾಪಮಾನ ಏರಿ, ಕೆಳಗಾದಾಗ ಇಳಿದರೆ ಬತ್ತಿ ತನ್ನ ಮಿತಿಯಲ್ಲಿ ಏದುಸಿರು ಬಿಡುತ್ತಿದೆ ಎಂದರ್ಥ. ಕಾಟರ್ ಲೆಕ್ಕದ ಮೂರನೆಯ ತಡೆ ಅದು. ಇಂಥ ಕೊಳವೆಗೆ ಮತ್ತೆ ನೀರು ತುಂಬಿಸಲು ಅಂಗಡಿಯಲ್ಲಿ ಆಗುವುದಿಲ್ಲ. ತಟ್ಟೆ, ಕೊಳವೆ, ಫಿನ್ ಒಟ್ಟಿಗೆ ಬೆಸೆದ ಇಡೀ ಜೋಡಣೆಯನ್ನೇ ಬದಲಿಸಬೇಕು. ತರಿಸುವಾಗ ಮಾದರಿಯ ಸಂಖ್ಯೆ ಪೂರ್ತಿ ಹೊಂದುತ್ತದೆಯೇ ನೋಡಿಕೊಳ್ಳಬೇಕು. ಹೆಸರು ಒಂದೇ ಇರುವ ಲ್ಯಾಪ್‌ಟಾಪುಗಳಲ್ಲೂ ಗ್ರಾಫಿಕ್ಸ್ ಚಿಪ್ ಬೇರೆಯಾದರೆ ಕೊಳವೆಗಳ ಬಾಗು ಬೇರೆಯಿರುತ್ತದೆ. ಹಾಕಿಸಿದ ಮೇಲೆ ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಚಿಪ್ಪಿನ ಅಂಕಿ ಇಳಿಯುವುದರ ಜೊತೆಗೆ ಹೊರಬರುವ ಗಾಳಿ ಬಿಸಿಯಾಗಿದೆಯೇ ಎಂದೂ ಕೈಯೊಡ್ಡಿ ನೋಡಬೇಕು.