ಕಲ್ಲಿದ್ದಲಿಗೆ ಹೊರಟ ರೈಲು ಸೈಕಲ್ ದಾರಿಯಾದ ಕಥೆ



ಉತ್ತರ ವರ್ಜೀನಿಯಾದ ರೆಸ್ಟನ್, ಹರ್ನ್‌ಡನ್, ಆ್ಯಶ್‌ಬರ್ನ್ ಕಡೆ ಇರುವವರು ಡಬ್ಲ್ಯು ಆ್ಯಂಡ್ ಓಡಿ ಟ್ರೇಲ್ ಮೇಲೆ ಸೈಕಲ್ ತುಳಿದೇ ಇರುತ್ತೀರಿ. ಅಲ್ಲಿ ಕಡಿದಾದ ಏರುಗಳು ಕಡಿಮೆ, ಥಟ್ಟನೆ ಬರುವ ತಿರುವುಗಳೂ ಕಡಿಮೆ. ಯಾಕೆ ಗೊತ್ತೇ? ಆ ದಾರಿ ಮಾಡಿದ್ದು ಸೈಕಲ್ಲಿಗಲ್ಲ, ಉಗಿಬಂಡಿಗೆ. ಭಾರ ಎಳೆಯುವ ರೈಲು ಕಡಿದಾದ ಏರು ಹತ್ತಲಾರದು. ಅದಕ್ಕೇ ದಿಬ್ಬ ಕಡಿದು, ತಗ್ಗು ತುಂಬಿ ನೆಲ ಹದ ಮಾಡಿದ್ದರು.

ಆ ಕಾಲದಲ್ಲಿ ಪಶ್ಚಿಮದ ವ್ಯಾಪಾರವನ್ನೆಲ್ಲ ಬಾಲ್ಟಿಮೋರ್ ನಗರ ತನ್ನ ರೈಲಿನಿಂದ ಸೆಳೆದುಕೊಳ್ಳುತ್ತಿತ್ತು. ಅಲೆಕ್ಸಾಂಡ್ರಿಯ ಬಂದರಿನ ವರ್ತಕರಿಗೆ ಚಿಂತೆಯಾಯಿತು. ತಮಗೂ ಒಂದು ರೈಲು ಬೇಕು, ಅದು ಬೆಟ್ಟಗಳನ್ನು ದಾಟಿ ಹ್ಯಾಂಪ್‌ಶೈರ್ ಕೌಂಟಿಯ ಕಲ್ಲಿದ್ದಲು ತರಬೇಕು ಎಂದು ಹೊರಟರು. 1860ರಲ್ಲಿ ಹಳಿ ಲೀಸ್‌ಬರ್ಗ್ ಮುಟ್ಟಿತು. ಮರುವರ್ಷವೇ ಅಂತರ್ಯುದ್ಧ! ಸೇತುವೆಗಳು ಸುಟ್ಟುಹೋದವು. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದರು. 1900ರಲ್ಲಿ ಬ್ಲೂಮಾಂಟ್‌ವರೆಗೆ ಬಂದು ಹಳಿ ನಿಂತಿತು. ಕಲ್ಲಿದ್ದಲ ಗಣಿ ಕೊನೆಗೂ ಸಿಗಲಿಲ್ಲ.

ಹಾಗೆಂದು ರೈಲು ವ್ಯರ್ಥವಾಗಲಿಲ್ಲ. ಹಳ್ಳಿಯ ಹಾಲು, ಕಾಳುಕಡ್ಡಿ ನಗರಕ್ಕೆ ಬಂದವು. ಬೇಸಿಗೆಯ ಸೆಕೆ ತಾಳದ ವಾಷಿಂಗ್ಟನ್ ಜನ ತಂಪು ಹುಡುಕಿ ಬೆಟ್ಟದ ಕಡೆ ಹೋದರು. 1912ರಲ್ಲಿ ಈ ದಾರಿಗೆ ವಿದ್ಯುತ್ತೂ ಬಂತು.

ಆಮೇಲೆ ಕಾರು, ಲಾರಿಗಳ ಕಾಲ. ರಸ್ತೆ ಹಾಕಿಸುವುದು ಸರ್ಕಾರ. ಹಳಿ ಹಾಕಿ, ರಿಪೇರಿ ಮಾಡಿಸಿ, ಅದಕ್ಕೆ ತೆರಿಗೆ ಕಟ್ಟುವುದು ರೈಲು ಕಂಪನಿ. ಲಾರಿ ಅಂಗಡಿ ಬಾಗಿಲಿಗೇ ಬರುತ್ತದೆ. ರೈಲು ನಿಲ್ದಾಣದಲ್ಲೇ ನಿಲ್ಲುತ್ತದೆ. ಸಣ್ಣ ಕವಲು ರೈಲುಗಳು ಈ ಪೈಪೋಟಿಯಲ್ಲಿ ಸೋತವು. 1916ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 2,54,000 ಮೈಲಿ ರೈಲುಮಾರ್ಗವಿತ್ತು. ಈಗ ಉಳಿದಿರುವುದು ಸುಮಾರು 1,40,000 ಮೈಲಿ. ನಮ್ಮ ಈ ಮಾರ್ಗದಲ್ಲಿ 1951ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1968ರಲ್ಲಿ ಸರಕಿನ ರೈಲೂ ನಿಂತಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರೈಲುಮಾರ್ಗದಲ್ಲಿ ಬೆಲೆಬಾಳುವುದು ಯಾವುದು? ಹಳಿಯಲ್ಲ. ಹಳಿ ಬರಿಯ ಕಬ್ಬಿಣ, ಮತ್ತೆ ಕೊಳ್ಳಬಹುದು. ಊರಿಂದೂರಿಗೆ ತುಂಡಾಗದೆ ಹರಿಯುವ ಆ ನೆಲದ ಪಟ್ಟಿಯೇ ನಿಜವಾದ ಆಸ್ತಿ. ಅದು ಒಮ್ಮೆ ಕೈಬಿಟ್ಟರೆ, ದಾರ ಕಿತ್ತ ಸರದ ಮಣಿಗಳ ಹಾಗೆ ಚೆದರಿಹೋಗುತ್ತದೆ. ಒಬ್ಬರ ಹೊಲ, ಒಬ್ಬರ ಹಿತ್ತಲು, ಒಬ್ಬರ ಅಂಗಡಿ. ಮತ್ತೆ ಪೋಣಿಸುವುದು ಬಲು ಕಷ್ಟ.

ಇದೇ ಮಾರ್ಗದಲ್ಲಿ ಎರಡನ್ನೂ ನೋಡಬಹುದು. ಪರ್ಸೆಲ್‌ವಿಲ್‌ನಿಂದ ಬ್ಲೂಮಾಂಟ್‌ವರೆಗಿನ ತುದಿಯನ್ನು 1939ರಲ್ಲೇ ಕೈಬಿಟ್ಟಿದ್ದರು. ಟ್ರೇಲ್ ಕೂಡ ಪರ್ಸೆಲ್‌ವಿಲ್‌ನಲ್ಲೇ ಮುಗಿಯುತ್ತದೆ. 1968ರಲ್ಲಿ ಮುಚ್ಚಿದ ಭಾಗದ ಕಥೆ ಬೇರೆ. ಅದರಲ್ಲಿ ಬಹುಪಾಲು ನೆಲವನ್ನು ವಿದ್ಯುತ್ ಕಂಪನಿ ತನ್ನ ತಂತಿಗಳಿಗಾಗಿ ಕೊಂಡಿತು, ಹಾಗಾಗಿ ಪಟ್ಟಿ ಹರಿಯದೆ ಉಳಿಯಿತು. ಪ್ರಾದೇಶಿಕ ಉದ್ಯಾನ ಸಂಸ್ಥೆ ಅದನ್ನು ಹಂತಹಂತವಾಗಿ ಪಡೆದು, 1974ರಲ್ಲಿ ಮೊದಲ ತುಂಡನ್ನು ತೆರೆದು, 1988ರಲ್ಲಿ ಪರ್ಸೆಲ್‌ವಿಲ್ ತಲುಪಿಸಿತು. ಒಟ್ಟು 45 ಮೈಲಿ.

ಎಲ್ಲ ಮಾರ್ಗಗಳಿಗೂ ಇಂಥ ಅದೃಷ್ಟವಿರುವುದಿಲ್ಲ. ಅದಕ್ಕೇ 1983ರಲ್ಲಿ ದೇಶದ ಕಾನೂನಿನಲ್ಲಿ ರೈಲ್‌ಬ್ಯಾಂಕಿಂಗ್ ಎಂಬ ಏರ್ಪಾಡು ಬಂತು. ರೈಲು ನಿಂತರೂ ನೆಲ ಹಂಚಿಹೋಗದೆ ಒಂದಾಗಿರಲಿ. ಸದ್ಯಕ್ಕೆ ನಡೆಯುವ ಹಾದಿಯಾಗಲಿ, ಮುಂದೆ ಬೇಕಾದರೆ ರೈಲು ಮತ್ತೆ ಬರಲಿ ಎಂಬುದು ಅದರ ತಿರುಳು.

ರೈಲು ಮತ್ತೆ ಬೇಕಾಗುತ್ತದೆಯೇ ಎನ್ನುತ್ತೀರಾ? ಪ್ರಯಾಣಿಕರ ರೈಲು ನಿಂತ 71 ವರ್ಷಗಳ ಮೇಲೆ, 2022ರಲ್ಲಿ, ಮೆಟ್ರೋದ ಸಿಲ್ವರ್ ಲೈನ್ ಆ್ಯಶ್‌ಬರ್ನ್‌ಗೆ ಬಂತು. ಹಳೆಯ ದಾರಿಯಲ್ಲಲ್ಲ, ಹೆದ್ದಾರಿಯ ನಡುವೆ ಹೊಸ ದಾರಿ ಮಾಡಿಕೊಂಡು, ಕೋಟಿಗಟ್ಟಲೆ ಡಾಲರ್ ಖರ್ಚಿನಲ್ಲಿ.

ನಿಮ್ಮೂರಿನ ಪಕ್ಕದಲ್ಲೂ ಹುಲ್ಲು ಬೆಳೆದ ಹಳಿ ಇರಬಹುದು. ಅದರ ವಿಷಯ ಕೌಂಟಿ ಸಭೆಗೆ ಬಂದಾಗ ಹೋಗಿ ಕೂತು ಕೇಳಿ. "ಈ ನೆಲ ಯಾರದು? ಇದು ತುಂಡಾಗದೆ ಉಳಿಯುತ್ತದೆಯೇ?" ಎಂದು ವಿಚಾರಿಸಿ. ಅಲ್ಲಿ ಮತ ಹಾಕಿ ತೀರ್ಮಾನಿಸುವ ವಯಸ್ಸು ನಿಮಗೂ ಬರುತ್ತಿದೆ.