ಗೂಡ್ಸ್ ರೈಲಿನಲ್ಲಿ ಓಡುವ ಸದ್ದು

ಪ್ರಶ್ನೆ: ನಮ್ಮ ಮದ್ದಿಕೇರ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲು ಹೊರಡುವಾಗ ‘ಧಡ್ ಧಡ್’ ಸದ್ದು ಎಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಓಡುತ್ತದೆ. ಏಕೆ?

ವ್ಯಾಗನ್ನುಗಳ ಕೊಂಡಿಗಳಲ್ಲಿ ತುಸು ಸಡಿಲ ಇರುತ್ತದೆ. ಎಂಜಿನ್ ಎಳೆದಾಗ ಮೊದಲ ವ್ಯಾಗನ್ನಷ್ಟೇ ಕದಲುತ್ತದೆ. ಸಡಿಲ ಮುಗಿದೊಡನೆ ಎರಡನೆಯದಕ್ಕೆ ಜಗ್ಗು ಬೀಳುತ್ತದೆ, ಧಡ್! ಆಮೇಲೆ ಮೂರನೆಯದು. ಎಂಜಿನ್ ಹಿಂದಕ್ಕೆ ತಳ್ಳಿದರೆ ಇದೇ ಸರಪಳಿ ಡಿಕ್ಕಿಗಳಾಗಿ ಸಾಗುತ್ತದೆ.

ಕೇರಂ ಕಾಯಿಗಳನ್ನು ಸಾಲಾಗಿ ತಾಗಿಸಿಟ್ಟು ಇನ್ನೊಂದು ಕಾಯಿಯಿಂದ ಹೊಡೆದು ನೋಡಿ. ನಡುವಿನವು ಹೆಚ್ಚುಕಡಿಮೆ ಅಲ್ಲೇ ಉಳಿದು, ತುದಿಯ ಕಾಯಿ ಚಿಮ್ಮುತ್ತದೆ. ಪ್ರತಿ ಕಾಯಿಯೂ ತನಗೆ ಬಂದ ಸಂವೇಗವನ್ನು ಪಕ್ಕದ್ದಕ್ಕೆ ದಾಟಿಸುತ್ತದೆ. ರೈಲಿನಲ್ಲೂ ಅಷ್ಟೇ: ಒಂದು ವ್ಯಾಗನ್ ಕೆಲವೇ ಅಂಗುಲ ಸರಿಯುವಷ್ಟರಲ್ಲಿ ಏಟು ಪಕ್ಕದ್ದಕ್ಕೆ ದಾಟಿ, ಹೀಗೆಯೇ ಇಡೀ ರೈಲಿನುದ್ದ ಓಡುತ್ತದೆ. ಈ ಸಡಿಲ ನಿಜಕ್ಕೂ ಉಪಕಾರಿ; ಅಷ್ಟೂ ಭಾರವನ್ನು ಎಂಜಿನ್ ಒಂದೇ ಏಟಿಗೆ ಕದಲಿಸಬೇಕಿಲ್ಲ.